ಗುಡ್ಡಕ್ಕೆ ಸೈಕಲ್ ಹತ್ತಿಸೋ ಮುಂಚೆ: ಕೊಂಡಜ್ಜಿ, ಉಚ್ಚಂಗಿದುರ್ಗದ ದಾರಿಯಲ್ಲಿ ಗೊತ್ತಿರಬೇಕಾದ ಸಂಗತಿಗಳು

ದಾವಣಗೆರೆ: ಭಾನುವಾರ ಬೆಳಗ್ಗೆ ಆರು ಗಂಟೆಗೆ ಹಳೇ ಪಿ.ಬಿ. ರಸ್ತೆಯಲ್ಲಿ ನಿಂತರೆ ಹೆಲ್ಮೆಟ್ ಹಾಕ್ಕೊಂಡು, ದಪ್ಪ ಚಕ್ರದ ಸೈಕಲ್ ತುಳಿದುಕೊಂಡು ಹೋಗೋ ಹುಡುಗರು ಕಾಣ್ತಾರೆ. ನಲವತ್ತು ದಾಟಿದ ಡಾಕ್ಟರು, ವಕೀಲರು, ಮೇಷ್ಟ್ರೂ ಇರ್ತಾರೆ. ಒಂದಷ್ಟು ಜನ ಟಾರ್ ರಸ್ತೆ ಬೇಸರವಾಗಿ ಮಣ್ಣಿನ ದಾರಿ ಹಿಡಿದು ಗುಡ್ಡದ ಕಡೆ ಹೊರಳ್ತಾರೆ. ಇದಕ್ಕೇ ಮೌಂಟೇನ್ ಬೈಕಿಂಗ್ ಅನ್ನೋದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ಯುವಕರು ಹಳೇ ಸೈಕಲ್‌ಗಳಿಗೆ ದಪ್ಪ ಟೈರ್ ಹಾಕಿ ಗುಡ್ಡದಿಂದ ಇಳಿಸೋಕೆ ಶುರು ಮಾಡಿದ ಆಟ ಇದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಬಂತು.

ಹಿಮಾಲಯದ ಚಿತ್ರ ತಲೆಯಲ್ಲಿಟ್ಟುಕೊಂಡು ಬಂದವರಿಗೆ ನಮ್ಮ ಗುಡ್ಡಗಳು ಸಣ್ಣವು ಅನ್ನಿಸಬಹುದು. ಎತ್ತರದಲ್ಲಿ ಸಣ್ಣವೇ. ಆದರೆ ಇಲ್ಲಿ ಒಂದೇ ದಿನದಲ್ಲಿ ಭತ್ತದ ಗದ್ದೆ, ಚಾನಲ್ ಏರಿ, ಎರೆ ಹೊಲ, ಕುರುಚಲು ಕಾಡು, ಬಂಡೆಗಲ್ಲಿನ ಕೋಟೆ ಎಲ್ಲಾ ದಾಟಬಹುದು. ಈ ಅನುಕೂಲ ಬೇರೆ ಕಡೆ ಸುಲಭಕ್ಕೆ ಸಿಗಲ್ಲ.

ಎಲ್ಲಿಗೆ ಹೋಗೋದು?

ಹೊಸಬರಿಗೆ ಕೊಂಡಜ್ಜಿ ಸರಿ. ಹರಿಹರ ತಾಲ್ಲೂಕಿನ ಈ ಊರು ದಾವಣಗೆರೆಯಿಂದ ಹನ್ನೆರಡು-ಹದಿನಾಲ್ಕು ಕಿ.ಮೀ. ದೂರ. ಕೆರೆ, ಅದರ ಪಕ್ಕಕ್ಕೆ ಕಾಡು ಗುಡ್ಡ, ಕೊಂಡಜ್ಜಿ ಬಸಪ್ಪನವರು ಬೆಳೆಸಿದ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರ. ಶಾಲೆಯಲ್ಲಿದ್ದಾಗ ಅಲ್ಲಿ ಟೆಂಟ್ ಹೊಡೆದು ಮಲಗಿದವರು ನಮ್ಮ ಓದುಗರಲ್ಲೇ ಎಷ್ಟೋ ಜನ ಇರ್ತಾರೆ. ಹೋಗಿ ಬರೋಕೆ ಮೂರು ತಾಸು ಸಾಕು, ತಿಂಡಿ ಹೊತ್ತಿಗೆ ಮನೆ ಸೇರಬಹುದು. ಅದೂ ಆಗಲ್ಲ ಅನ್ನೋರಿಗೆ ಹರಿಹರ ದಾರಿಯಲ್ಲಿ ಬಾತಿ ಗುಡ್ಡ ಇದ್ದೇ ಇದೆ.

ಒಂದು ಇಡೀ ದಿನ ಇದ್ದರೆ ಉಚ್ಚಂಗಿದುರ್ಗ. ಹೋಗಿ ಬರೋಕೆ 60 ಕಿ.ಮೀ. ಆಸುಪಾಸು ಆಗುತ್ತೆ. ಮೊದಲು ನಮ್ಮ ಜಿಲ್ಲೆಯಲ್ಲೇ ಇದ್ದ ಹರಪನಹಳ್ಳಿ ತಾಲ್ಲೂಕಿನ ಊರು, ಈಗ ವಿಜಯನಗರ ಜಿಲ್ಲೆ. ಆಡಳಿತ ಎಲ್ಲೇ ಇರಲಿ, ಸಂತೆಗೆ, ಆಸ್ಪತ್ರೆಗೆ ಆ ಕಡೆಯವರು ಈಗಲೂ ಬರೋದು ದಾವಣಗೆರೆಗೇ.

ಇತಿಹಾಸ ಓದಿಕೊಂಡು ಹೋದರೆ ಈ ಬೆಟ್ಟದ ಮುಖವೇ ಬೇರೆ ಕಾಣುತ್ತೆ. ಕದಂಬರ ಕಾಲದಲ್ಲಿ ಇದು ಉಚ್ಚಶೃಂಗಿ. ಆಮೇಲೆ ನೊಳಂಬವಾಡಿಯನ್ನು ಆಳಿದ ಉಚ್ಚಂಗಿ ಪಾಂಡ್ಯರ ರಾಜಧಾನಿ. ಹೊಯ್ಸಳ ವಿಷ್ಣುವರ್ಧನನಿಗೆ ‘ನೊಳಂಬವಾಡಿಗೊಂಡ’ ಅನ್ನೋ ಬಿರುದಿತ್ತು. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ 1177ರಲ್ಲಿ ಪಾಂಡ್ಯರನ್ನು ಸೋಲಿಸಿ ಈ ಕೋಟೆ ಹಿಡಿದ, ‘ಗಿರಿದುರ್ಗಮಲ್ಲ’ ಅನ್ನಿಸಿಕೊಂಡ. ಆನೆ, ಕುದುರೆ, ಸೈನ್ಯ ಕಟ್ಟಿಕೊಂಡು ಬಂದವರಿಗೂ ಈ ಗುಡ್ಡ ಸುಲಭಕ್ಕೆ ಬಗ್ಗಿರಲಿಲ್ಲ ಅಂದಮೇಲೆ ನಾವು ಸೈಕಲ್ಲನ್ನು ಬುಡದಲ್ಲೇ ಬಿಟ್ಟು ಮೆಟ್ಟಿಲು ಹತ್ತೋದರಲ್ಲಿ ಅವಮಾನ ಏನೂ ಇಲ್ಲ. ಮೇಲೆ ಉಚ್ಚಂಗೆಮ್ಮನ ಗುಡಿ ಇದೆ, ಭಕ್ತರು ಬರಿಗಾಲಲ್ಲಿ ಹತ್ತೋ ಜಾಗ ಅದು. ಭರತ ಹುಣ್ಣಿಮೆ, ಯುಗಾದಿ ಹೊತ್ತಲ್ಲಿ ಕಾಲಿಡೋಕೂ ಜಾಗ ಇರಲ್ಲ. ಆ ದಿನಗಳಲ್ಲಿ ಸೈಕಲ್ ತಗೊಂಡು ಹೋಗಲೇಬೇಡಿ.

ದಕ್ಷಿಣಕ್ಕೆ ಹೋಗೋರಿಗೆ ಸಂತೇಬೆನ್ನೂರು, ಸೂಳೆಕೆರೆ, ಬಸವಾಪಟ್ಟಣ ಒಂದೇ ಸಾಲಿನ ಕಥೆ. ಬಸವಾಪಟ್ಟಣದಿಂದ ಆಳಿದ ಪಾಳೇಗಾರರೇ ಸಂತೇಬೆನ್ನೂರಿಗೆ ಬಂದು, ಕೊನೆಗೆ ತರೀಕೆರೆ ಸೇರಿದ್ದು. ಸಂತೇಬೆನ್ನೂರಿನ ಪುಷ್ಕರಣಿ ಕಟ್ಟಿಸಿದ್ದು ಹನುಮಪ್ಪ ನಾಯಕ. ಇನ್ನು ಸೂಳೆಕೆರೆಯಿಂದ ಹೊರಡೋ ಹರಿದ್ರಾ ಹಳ್ಳ ಹರಿದು ಬಂದು ಹರಿಹರದಲ್ಲಿ ತುಂಗಭದ್ರೆ ಸೇರುತ್ತೆ. ಆ ಕೂಡಲೂರಲ್ಲೇ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಸ್ಥಾನ ಕಟ್ಟಿಸಿದ್ದು. ಕೆರೆಯಿಂದ ಹೊಳೆವರೆಗೆ ನೀರಿನ ಜಾಡು ಹಿಡಿದು ಎರಡು ದಿನ ಸೈಕಲ್ ತುಳಿಯೋದು ನನ್ನ ಲೆಕ್ಕದಲ್ಲಿ ಉಚ್ಚಂಗಿಗಿಂತ ಒಳ್ಳೇ ಸವಾರಿ. ಯಾಕೋ ಇದನ್ನ ಮಾಡೋರು ಕಡಿಮೆ.

ಹೆದ್ದಾರಿ ಬೇಡ, ಚಾನಲ್ ಏರಿ ಹಿಡೀರಿ

ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಲಾರಿ, ಬಸ್ಸುಗಳ ಪಕ್ಕ ಸೈಕಲ್ ಹೊಡೆಯೋದು ಶೌರ್ಯ ಅಲ್ಲ. ಸರ್ವಿಸ್ ರಸ್ತೆ, ಹಳ್ಳಿ ರಸ್ತೆ, ಭದ್ರಾ ಚಾನಲ್ ಏರಿ ಬಳಸಿ. ಏರಿ ಮೇಲೆ ಏರಿಳಿತ ಇಲ್ಲ, ಕೆಲವು ಕಡೆ ನೆರಳೂ ಇದೆ. ಆದರೆ ಚಾನಲ್‌ನಲ್ಲಿ ನೀರು ಬಿಟ್ಟಾಗ ಸೆಳೆತ ಜೋರು, ಒಳ ಬದಿ ಕಾಂಕ್ರೀಟ್ ಪಾಚಿಗಟ್ಟಿ ಜಾರುತ್ತೆ. ಬಿದ್ದರೆ ಈಜು ಬಂದವರಿಗೂ ಮೇಲೆ ಹತ್ತೋದು ಕಷ್ಟ. ಮುಖ ತೊಳೆಯೋಕೆ ಅಂತ ಇಳಿಯಬೇಡಿ.

ಸುಗ್ಗಿ ಕಾಲದಲ್ಲಿ ಇನ್ನೊಂದು ತಾಪತ್ರಯ. ಮೆಕ್ಕೆಜೋಳ, ರಾಗಿ, ಭತ್ತ ರಸ್ತೆ ಮೇಲೇ ಒಣಗಿಸ್ತಾರೆ. ಒಣ ಮೆಕ್ಕೆಜೋಳದ ಕಾಳಿನ ಮೇಲೆ ಚಕ್ರ ಹೋದರೆ ಗೋಲಿ ಮೇಲೆ ಕಾಲಿಟ್ಟಂಗೆ. ಇಳಿದು ತಳ್ಳಿಕೊಂಡು ಹೋಗಿ. ಅದು ರೈತನ ಇಡೀ ವರ್ಷದ ದುಡಿಮೆ ಕೂಡ ಹೌದು.

ಮುಳ್ಳು, ಮಣ್ಣು, ಗಾಳಿ

ನಮ್ಮ ಕಡೆ ಸೈಕಲ್‌ಗೆ ಮೊದಲ ಶತ್ರು ಜಾಲಿ ಮುಳ್ಳು, ಎರಡನೇದು ನೆಗ್ಗಿಲು. ಒಂದೇ ಮೈಲಿಯಲ್ಲಿ ಎರಡೂ ಟ್ಯೂಬ್ ತೂತಾಗೋದು ಇಲ್ಲಿ ಸಾಮಾನ್ಯ. ಹಾಗಾಗಿ ಆಗೋದಾದರೆ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲಂಟ್ ಹಾಕಿಸಿ. ಮುಳ್ಳು ಚುಚ್ಚಿದಾಗ ಆ ದ್ರವವೇ ತೂತಿಗೆ ಬಂದು ಗಟ್ಟಿಯಾಗುತ್ತೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತೆ, ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಟ್ಯೂಬ್ ಇರೋ ಸೈಕಲ್ ಆದರೆ ಎರಡು ಟ್ಯೂಬ್, ಪ್ಯಾಚ್, ಕೈಪಂಪು ಜೊತೆಗಿರಲಿ. ಮುಳ್ಳನ್ನ ಟೈರಿನ ಒಳಗಿಂದ ಕೈಯಾಡಿಸಿ ಹುಡುಕಿ ತೆಗೀದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಯ್ತು ಅಂತಲೇ ಲೆಕ್ಕ.

ಟೈರ್ ಕಲ್ಲಿನಂಗೆ ಗಟ್ಟಿ ಇರಬೇಕು ಅನ್ನೋದು ರಸ್ತೆ ಸೈಕಲ್ಲಿನ ಮಾತು. ಗುಡ್ಡದಲ್ಲಿ ಗಾಳಿ ಕಡಿಮೆ ಇದ್ದರೆ ಟೈರ್ ನೆಲವನ್ನ ಅಪ್ಪಿಕೊಳ್ಳುತ್ತೆ, ಜಾರಲ್ಲ. 70 ಕೆ.ಜಿ. ತೂಕದವರಿಗೆ ಟ್ಯೂಬ್‌ಲೆಸ್ ಆದರೆ 25ರಿಂದ 28 ಪಿಎಸ್‌ಐ, ಟ್ಯೂಬ್ ಇದ್ದರೆ 35ರ ಸುತ್ತಮುತ್ತ ಇಟ್ಟು ನೋಡಿ. ತೀರಾ ಇಳಿಸಿದರೆ ಕಲ್ಲಿಗೆ ರಿಮ್ ಬಡಿದು ಟ್ಯೂಬ್ ಕತ್ತರಿಸುತ್ತೆ.

ಮಳೆ ಬಿದ್ದ ಮಾರನೇ ದಿನ ಎರೆ ಭೂಮಿ ಕಡೆ ತಲೆ ಹಾಕಬೇಡಿ. ನೂರು ಮೀಟರ್ ಹೋಗೋದ್ರಲ್ಲಿ ಮಣ್ಣು ಚಕ್ರಕ್ಕೆ ಮೆತ್ತಿ ಸೈಕಲ್ ನಿಂತೇಬಿಡುತ್ತೆ. ಕೆಮ್ಮಣ್ಣು, ಗರಸು ನೆಲ ಆದರೆ ಮಳೆ ನಿಂತ ಒಂದು ದಿನಕ್ಕೇ ಸರಿಯಾಗುತ್ತೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೇ ಕಾಲ. ಏಪ್ರಿಲ್‌ನಲ್ಲಿ ಬಿಸಿಲು 38 ಡಿಗ್ರಿ ದಾಟಿದಾಗ ಬಂಡೆ ಕಾವಲಿ ಆಗಿರುತ್ತೆ. ಒಬ್ಬರಿಗೆ ಮೂರು ಲೀಟರ್ ನೀರು, ಉಪ್ಪು-ಸಕ್ಕರೆ ಹಾಕಿದ ನಿಂಬೆ ಶರಬತ್ತು ಬೇಕೇ ಬೇಕು. ತಲೆ ಸುತ್ತಿ ಬೆವರು ನಿಂತರೆ ಸವಾರಿ ಅಲ್ಲಿಗೇ ಮುಗೀತು ಅಂದ್ಕೊಳ್ಳಿ. ನೆರಳಲ್ಲಿ ಮಲಗಿಸಿ, ಮೈಗೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ.

ಬ್ರೇಕ್ ಹಿಡಿಯೋ ರೀತಿಯಲ್ಲಿ ಗುಡ್ಡದ ಹಣೆಬರಹ

ಇಳಿಜಾರಿನಲ್ಲಿ ಹೊಸಬರು ಮಾಡೋದು ಒಂದೇ, ಹಿಂದಿನ ಬ್ರೇಕ್ ಒತ್ತಿ ಚಕ್ರ ಲಾಕ್ ಮಾಡಿ ಸರ್‍ರನೆ ಜಾರಿಸೋದು. ನೋಡೋಕೆ ಚೆಂದ. ಆದರೆ ಜಾರಿದ ಚಕ್ರ ಮಣ್ಣಿನಲ್ಲಿ ಒಂದು ಗೆರೆ ಕೊರೆಯುತ್ತೆ. ಮುಂದಿನ ಮಳೆಗೆ ನೀರು ಹುಡುಕೋದು ಆ ಗೆರೆಯನ್ನೇ. ಎರಡು ಮಳೆಗಾಲ ಕಳೆದರೆ ಅದು ಕೊರಕಲು. ಗುಡ್ಡದ ಮೇಲಿನ ಮಣ್ಣು ಇರೋದೇ ಗೇಣುದ್ದ, ಅದು ಕೊಚ್ಚಿ ಹೋಗಿ ಕೂರೋದು ಕೆಳಗಿನ ಕೆರೆಯಲ್ಲಿ. ಹೂಳು ತುಂಬಿದ ಕೆರೆ ಎತ್ತಿಸೋಕೆ ಊರಿನವರು ಎಷ್ಟು ಒದ್ದಾಡ್ತಾರೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಬೇಕಾಗಿರೋದು ಇಷ್ಟೇ: ತಿರುವು ಬರೋ ಮುಂಚೆ ನೇರ ದಾರಿಯಲ್ಲೇ ಎರಡೂ ಬ್ರೇಕ್ ಮೆಲ್ಲಗೆ ಹಿಡಿದು ವೇಗ ಇಳಿಸಿ, ಮೈಭಾರ ಹಿಂದಕ್ಕೆ ಹಾಕಿ, ತಿರುವಿನಲ್ಲಿ ಬ್ರೇಕ್ ಬಿಡಿ. ಇರೋ ಕಾಲುದಾರಿ ಬಿಟ್ಟು ಹೊಸ ಜಾಡು ಮಾಡಬೇಡಿ.

ಅನುಮತಿ ಕೇಳೋದು ಯಾಕೆ?

ಗುಡ್ಡ ಅಂದರೆ ಯಾರದೂ ಅಲ್ಲದ ಜಾಗ ಅಂತ ತಿಳಿದಿರೋರೇ ಜಾಸ್ತಿ. ಹಾಗಿಲ್ಲ. ಮೀಸಲು ಅರಣ್ಯಕ್ಕೆ ಅಪ್ಪಣೆ ಇಲ್ಲದೆ ನುಗ್ಗೋದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ವನ್ಯಧಾಮ ಆದರೆ ಇನ್ನೂ ಬಿಗಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಾಗಿ ಘೋಷಿಸಿದ ವನ್ಯಧಾಮ, ಚಿತ್ರದುರ್ಗದ ಜೋಗಿಮಟ್ಟಿಯೂ ವನ್ಯಧಾಮ. ಇಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ನಡೆಯುತ್ತೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗೋರಿಗೆ ತಕರಾರಿಲ್ಲ, ಅದನ್ನು ಬಿಟ್ಟು ಒಳಗೆ ಹೊರಳಿದರೆ ಅನುಮತಿ ಪತ್ರ ಬೇಕು. ವಲಯ ಅರಣ್ಯಾಧಿಕಾರಿ ಕಚೇರಿಗೆ ಮೊದಲೇ ಹೋಗಿ, ಯಾವ ದಾರಿ, ಎಷ್ಟು ಜನ, ಯಾವ ದಿನ ಅಂತ ಬರೆದು ಕೇಳಿ. ಗಾಳಿಯಂತ್ರದವರು ಮಾಡಿಕೊಂಡಿರೋ ಗುಡ್ಡದ ರಸ್ತೆಗಳು ಸೈಕಲ್‌ಗೆ ಹೇಳಿ ಮಾಡಿಸಿದಂಗಿವೆ ನಿಜ, ಅಲ್ಲೂ ಗೇಟಿನಲ್ಲಿ ಕೇಳಿಯೇ ಹೋಗಿ.

ಸ್ಮಾರಕಗಳದ್ದು ಬೇರೆ ಕಾನೂನು. ಚಿತ್ರದುರ್ಗ ಕೋಟೆ, ಸಂತೇಬೆನ್ನೂರು ಪುಷ್ಕರಣಿ, ಹರಿಹರೇಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆ ರಕ್ಷಣೆಯಲ್ಲಿವೆ. ಇವಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ರೀಲ್ಸ್‌ಗೋಸ್ಕರ ಪುಷ್ಕರಣಿ ಮೆಟ್ಟಿಲ ಮೇಲೆ ಸೈಕಲ್ ಇಳಿಸೋ ಯೋಚನೆ ಇದ್ದರೆ ಈ ಸಾಲನ್ನ ಎರಡು ಸಲ ಓದಿ.

ಕರಡಿ ಇದೆ, ಹುಷಾರು

ನಮ್ಮ ಸುತ್ತಿನ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಕರಡಿ ಓಡಾಡೋದು ಸಂಜೆಯಿಂದ ನಸುಕಿನವರೆಗೆ. ಸೈಕಲ್ಲಿನ ತೊಂದರೆ ಏನಂದ್ರೆ ಅದಕ್ಕೆ ಶಬ್ದ ಇಲ್ಲ, ವೇಗ ಇದೆ. ತಿರುವಿನಲ್ಲಿ ಎದುರಾಬದುರು ಆದಾಗ ಗಾಬರಿಬಿದ್ದ ಕರಡಿ ಮೈಮೇಲೆ ಬರುತ್ತೆ. ಪೂರ್ತಿ ಬೆಳಕಾದ ಮೇಲೆ ಹತ್ತಿ, ಸಂಜೆ ಐದರೊಳಗೆ ಇಳಿದುಬಿಡಿ, ಪೊದೆ ಇರೋ ಕಡೆ ಬೆಲ್ ಹೊಡೀತಾ, ಮಾತಾಡ್ತಾ ಹೋಗಿ. ಕಿವಿಗೆ ಇಯರ್‌ಫೋನ್ ಬೇಡ. ಕುರಿ ಕಾಯೋರು ಸಿಕ್ಕರೆ ನಿಂತು ಮಾತಾಡಿಸಿ. “ಆ ಕಡೆ ಹೋಗಬ್ಯಾಡ್ರಿ, ನಿನ್ನೆ ಹೆಜ್ಜೆ ಕಂಡೈತಿ” ಅಂತ ಅವರು ಹೇಳಿದರೆ ಮ್ಯಾಪ್ ಏನೇ ತೋರಿಸಲಿ, ವಾಪಸ್ ಬನ್ನಿ. ಕುರಿ ಕಾಯೋ ನಾಯಿಗಳು ಸೈಕಲ್ ಅಟ್ಟಿಸಿಕೊಂಡು ಬರ್ತವೆ. ಅವು ಬಂದಾಗ ಇಳಿದು, ಸೈಕಲ್ ಅಡ್ಡ ಹಿಡಿದು ನಡೆದರೆ ಸುಮ್ಮನಾಗ್ತವೆ.

ಹಾವು ಕಚ್ಚಿದರೆ ಕಟ್ಟು ಬಿಗಿಯೋದು, ಕೊಯ್ಯೋದು ಏನೂ ಮಾಡಬೇಡಿ. ಕಚ್ಚಿದ ಕೈ-ಕಾಲು ಅಲ್ಲಾಡಿಸದೆ ಸೀದಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಗುಡ್ಡದ ಹಿಂದುಗಡೆ ನೆಟ್‌ವರ್ಕ್ ಸಿಗೋದು ಖಾತ್ರಿ ಇಲ್ಲ. ಒಬ್ಬರೇ ಹೋಗದೆ ಮೂವರಾದರೂ ಇರಿ. ಒಬ್ಬರು ಗಾಯಾಳು ಹತ್ತಿರ ಕೂತರೆ ಇನ್ನೊಬ್ಬರು ಕೆಳಗಿಳಿದು ಫೋನ್ ಮಾಡಬಹುದು. ಹೊರಡೋ ಮುಂಚೆ ಯಾವ ಗುಡ್ಡ, ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೋಗಿ.