ಖುಲಾಸೆಯಾದರೂ ಅಳಿಯದ ಪೊಲೀಸ್ ದಾಖಲೆ

ನ್ಯಾಯಾಲಯವು ನಿರ್ದೋಷಿ ಎಂದು ಬಿಡುಗಡೆ ಮಾಡಿದ ಮಾತ್ರಕ್ಕೆ ಆರೋಪಿಯ ಹೆಸರು ಪೊಲೀಸ್ ಕಡತದಿಂದ ಅಳಿಸಿಹೋಗುವುದಿಲ್ಲ. ವರ್ಷಗಳ ನಂತರ ಸರ್ಕಾರಿ ನೌಕರಿಗೆ ಆಯ್ಕೆಯಾಗಿ ಪೂರ್ವಾಪರ ಪರಿಶೀಲನೆ ನಡೆದಾಗ ಹಳೆಯ ಮೊಕದ್ದಮೆ ಮತ್ತೆ ಎದುರಾಗುತ್ತದೆ. ವಯಸ್ಕರ ಅಪರಾಧ ದಾಖಲೆಯನ್ನು ಅಳಿಸಿಹಾಕಲು ಭಾರತದಲ್ಲಿ ಸಮಗ್ರ ಕಾನೂನು ಇಲ್ಲದಿರುವುದೇ ಇದಕ್ಕೆ ಕಾರಣ.

ಮಕ್ಕಳಿಗೆ ಮಾತ್ರ ರಕ್ಷಣೆ

2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿಗೆ ಆ ಕಾರಣದಿಂದ ಮುಂದೆ ಯಾವುದೇ ಅನರ್ಹತೆ ಉಂಟಾಗಬಾರದು. ಮೇಲ್ಮನವಿಯ ಅವಧಿ ಅಥವಾ ನಿಯಮಗಳಲ್ಲಿ ಗೊತ್ತುಪಡಿಸಿದ ಅವಧಿ ಮುಗಿದ ಬಳಿಕ ದಾಖಲೆಗಳನ್ನು ನಾಶಪಡಿಸಬೇಕು. 16 ವರ್ಷ ತುಂಬಿದವರು ಘೋರ ಅಪರಾಧ ಎಸಗಿ, ಮಕ್ಕಳ ನ್ಯಾಯಾಲಯವು ಅವರನ್ನು ವಯಸ್ಕರಂತೆ ವಿಚಾರಿಸಿದ ಪ್ರಕರಣಗಳು ಇದಕ್ಕೆ ಅಪವಾದ.

ವಯಸ್ಕರ ಸ್ಥಿತಿ

1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಮು, ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆಯನ್ನು ನಿವಾರಿಸುತ್ತದೆ. ಆದರೆ ಅಪರಾಧಿ ಎಂಬ ತೀರ್ಮಾನ ಅದರಿಂದ ಅಳಿಯುವುದಿಲ್ಲ.

2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯು ಬೆರಳಚ್ಚು, ಭಾವಚಿತ್ರ ಮುಂತಾದವುಗಳನ್ನು 75 ವರ್ಷ ಕಾಯ್ದಿರಿಸಲು ಅವಕಾಶ ನೀಡಿದೆ. ಹಿಂದೆ ಶಿಕ್ಷೆಗೊಳಗಾಗದ ವ್ಯಕ್ತಿಯು ಖುಲಾಸೆಯಾದರೆ, ನ್ಯಾಯಾಲಯ ಕಾರಣ ನೀಡಿ ಬೇರೆ ಆದೇಶ ಮಾಡದ ಹೊರತು, ಅವನ್ನು ನಾಶಪಡಿಸಬೇಕು. ಈ ರಿಯಾಯಿತಿ ಬೆರಳಚ್ಚಿನಂತಹ ಗುರುತುಗಳಿಗೆ ಸೀಮಿತ. ಎಫ್‌ಐಆರ್‌ಗೆ ಇದು ಅನ್ವಯಿಸುವುದಿಲ್ಲ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ, ಸೂಕ್ಷ್ಮ ಪ್ರಕರಣಗಳ ಹೊರತಾಗಿ ಎಫ್‌ಐಆರ್‌ಗಳನ್ನು ಅಂತರ್ಜಾಲದಲ್ಲಿಯೂ ಪ್ರಕಟಿಸಲಾಗುತ್ತದೆ.

ನೌಕರಿಯ ಪ್ರಶ್ನೆ

ಅದೇ ವರ್ಷ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠವು, ಅಭ್ಯರ್ಥಿಯು ಮೊಕದ್ದಮೆಯ ವಿವರವನ್ನು ಮುಚ್ಚಿಡಬಾರದು ಎಂದು ಹೇಳಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣಗಳಲ್ಲಿ ಮಾಹಿತಿ ಮುಚ್ಚಿಟ್ಟಿದ್ದನ್ನೂ ಮನ್ನಿಸಬಹುದು ಎಂದಿತು. ಆದರೆ ಸತ್ಯ ಹೇಳಿದವರನ್ನು ಸಹ ನೇಮಿಸಿಕೊಳ್ಳಲೇಬೇಕೆಂಬ ಕಟ್ಟುಪಾಡು ಇಲ್ಲ. ಪೂರ್ವಾಪರ ಪರಿಗಣಿಸುವ ವಿವೇಚನೆ ನೇಮಕ ಮಾಡುವವರದು.

ಬೇರೆ ದೇಶಗಳ ಮಾದರಿ

ಬ್ರಿಟನ್ನಿನ 1974ರ ಕಾಯ್ದೆಯ ಪ್ರಕಾರ, ನಿಗದಿತ ಅವಧಿ ಕಳೆದರೆ ಅನೇಕ ಶಿಕ್ಷೆಗಳು ಗತಿಸಿದವೆಂದು ಪರಿಗಣಿತವಾಗುತ್ತವೆ. ಮಕ್ಕಳೊಡನೆ ಕೆಲಸ ಮಾಡುವಂತಹ ಹುದ್ದೆಗಳಿಗೆ ವಿನಾಯಿತಿ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯವು 2018ರಲ್ಲಿ ಕಾನೂನು ತಂದು, ಶಿಕ್ಷೆಯಾಗದ ಪ್ರಕರಣಗಳ ಹಾಗೂ ಕೆಲವು ಸಣ್ಣ ಅಪರಾಧಗಳ ದಾಖಲೆಗಳು ಅರ್ಜಿಯಿಲ್ಲದೆಯೇ ಸಾರ್ವಜನಿಕರಿಗೆ ಸಿಗದಂತೆ ಮಾಡಿತು. ಪೊಲೀಸರಿಗೆ ಅವು ಲಭ್ಯ.

ಖುಲಾಸೆಯಾದವನ ಬೆರಳಚ್ಚು ಉಳಿಯಬಾರದೆಂಬ ತತ್ವವನ್ನು ಭಾರತದ ಕಾನೂನು ಈಗಾಗಲೇ ಒಪ್ಪಿದೆ. ಅದನ್ನು ಮೊಕದ್ದಮೆಯ ದಾಖಲೆಗೂ ವಿಸ್ತರಿಸುವುದು ತಿದ್ದುಪಡಿಯ ಮೊದಲ ಹೆಜ್ಜೆಯಾಗಬಹುದು.