ಡ್ರೈಯರ್ ಬಿಸಿಯಾಗದಿದ್ದರೆ ತಪ್ಪು ಕಾಯಿಲ್‌ನದೇ ಆಗಬೇಕಿಲ್ಲ

ಅಮೆರಿಕದಲ್ಲಿ ನೆಲೆಸಿರುವ ಹೆಚ್ಚಿನ ಕನ್ನಡಿಗರ ಮನೆಗಳಲ್ಲಿ ಬಟ್ಟೆ ಒಣಗುವುದು ಹಗ್ಗದ ಮೇಲಲ್ಲ, ಡ್ರೈಯರಿನೊಳಗೆ. ಚಳಿಗಾಲದಲ್ಲಿ ಹೊರಗೆ ಹರವುವ ಮಾತೇ ಇಲ್ಲ. ಅಂಥ ಯಂತ್ರ ಒಂದು ದಿನ ಎಂದಿನಂತೆ ತಿರುಗುತ್ತಲೇ ಬರೀ ತಣ್ಣನೆಯ ಗಾಳಿ ಊದಿದರೆ ಮನೆಯಲ್ಲಿ ಮೊದಲು ಕೇಳುವ ಮಾತು, "ಕಾಯಿಲ್ ಸುಟ್ಟಿರಬೇಕು, ಹೊಸದು ಹಾಕಿಸೋಣ." ಕಾಯಿಲ್ ಸುಡುವುದು ನಿಜ. ಆದರೆ ಅದನ್ನು ಅನುಮಾನಿಸುವ ಮೊದಲು ನೋಡಬೇಕಾದವು ಹಲವಿವೆ. ಅವುಗಳಲ್ಲಿ ಕೆಲವಕ್ಕೆ ಬಿಡಿಗಾಸೂ ಖರ್ಚಿಲ್ಲ. ಶಾಖವೇ ಇಲ್ಲದ 'ಏರ್ ಫ್ಲಫ್' ಆಯ್ಕೆಗೆ ಗುಂಡಿ ತಿರುಗಿದೆಯೇ ಎಂದು ನೋಡುವುದೂ ಅದರಲ್ಲೊಂದು.

"ಡ್ರಮ್ ತಿರುಗುತ್ತಿದೆ, ಅಂದಮೇಲೆ ಕರೆಂಟು ಸರಿಯಾಗಿಯೇ ಬರುತ್ತಿದೆ" ಎನ್ನುವವರಿದ್ದಾರೆ. ಅಲ್ಲಿನ ವಿದ್ಯುತ್ ಡ್ರೈಯರಿಗೆ ತಲಾ 120 ವೋಲ್ಟಿನ ಎರಡು ಲೈನುಗಳು ಬರುತ್ತವೆ. ಸಾಮಾನ್ಯವಾಗಿ ಮೋಟಾರಿಗೆ ಒಂದು ಲೈನು ಸಾಕು, ಕಾಯಿಲ್‌ಗೆ ಎರಡೂ ಸೇರಿದ 240 ವೋಲ್ಟ್ ಬೇಕು. ಒಂದು ಲೈನು ಕೈಕೊಟ್ಟರೂ ಡ್ರಮ್ ತಿರುಗುತ್ತಲೇ ಇರುತ್ತದೆ, ಶಾಖ ಮಾತ್ರ ಹುಟ್ಟುವುದಿಲ್ಲ. ಆದ್ದರಿಂದ ಮೊದಲ ಕೆಲಸ ಬ್ರೇಕರ್ ಪೆಟ್ಟಿಗೆಯದು. ಡ್ರೈಯರಿನ 30 ಆಂಪಿಯರ್ ಜೋಡಿ ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಸುಮ್ಮನೆ ಕಣ್ಣಲ್ಲಿ ನೋಡಿದರೆ ಅರ್ಧ ಟ್ರಿಪ್ ಆಗಿರುವುದು ಗೊತ್ತಾಗುವುದಿಲ್ಲ. ಮತ್ತೆ ಮತ್ತೆ ಬಿದ್ದರೆ ಎಲೆಕ್ಟ್ರಿಷಿಯನ್‌ನನ್ನೇ ಕರೆಯಬೇಕು. ಕರ್ನಾಟಕದಲ್ಲಿ ಸಿಂಗಲ್ ಫೇಸಿನ 230 ವೋಲ್ಟಿನಲ್ಲಿ ನಡೆಯುವ ಯಂತ್ರಗಳಿಗೆ ಈ ಎರಡು ಲೈನಿನ ತೊಡಕಿಲ್ಲ.

ಮುಂದಿನ ನಂಬಿಕೆ ಬರೀ ತಪ್ಪಲ್ಲ, ಅಪಾಯಕಾರಿ. ಯಂತ್ರದ ಒಳಗೆ ಬೆರಳುದ್ದದ ಥರ್ಮಲ್ ಫ್ಯೂಸ್ ಇರುತ್ತದೆ. ಶಾಖ ಮಿತಿಮೀರಿದರೆ ಅದು ಒಮ್ಮೆಗೇ ಕಡಿದುಹೋಗುತ್ತದೆ, ಮತ್ತೆ ಕೂಡುವುದಿಲ್ಲ. ಕೆಲವು ಮಾದರಿಗಳಲ್ಲಿ ಅದು ಹೋದರೆ ಮೋಟಾರೇ ನಿಲ್ಲುತ್ತದೆ, ಕೆಲವದರಲ್ಲಿ ಶಾಖ ಮಾತ್ರ ನಿಲ್ಲುತ್ತದೆ. "ಸಣ್ಣ ಫ್ಯೂಸ್ ತಾನೆ, ಎರಡು ತುದಿಗೆ ತಂತಿ ಸುತ್ತಿದರೆ ಸಾಕು" ಎಂದು ಸಲಹೆ ಕೊಡುವವರು ಎಲ್ಲೆಡೆ ಸಿಗುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಆ ಫ್ಯೂಸ್ ಕೆಟ್ಟಿದ್ದಲ್ಲ, ಮನೆಗೆ ಬೆಂಕಿ ಬೀಳದಂತೆ ತಡೆದದ್ದು. ಹೊಸ ಫ್ಯೂಸ್ ಹಾಕಿ ಸುಮ್ಮನಾದರೂ ಅದು ಕೆಲವೇ ದಿನಗಳಲ್ಲಿ ಮತ್ತೆ ಹೋಗಬಹುದು, ಏಕೆಂದರೆ ಶಾಖ ಏರಿದ್ದರ ಕಾರಣ ಬೇರೆ ಕಡೆ ಇರುತ್ತದೆ.

ಆ ಕಾರಣ ಬಹುಪಾಲು ಗಾಳಿಯ ದಾರಿಯಲ್ಲಿರುತ್ತದೆ. ಬಟ್ಟೆಯನ್ನು ಒಣಗಿಸುವುದು ಶಾಖವೊಂದೇ ಅಲ್ಲ. ನೀರಾವಿಯನ್ನು ಹೊತ್ತು ಹೊರಗೆ ಹೋಗುವ ಗಾಳಿಯೂ ಅಷ್ಟೇ ಮುಖ್ಯ. ಆವಿ ತುಂಬಿದ, ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಟವೆಲು ಎಷ್ಟು ಹೊತ್ತಾದರೂ ಒಣಗುವುದಿಲ್ಲವಲ್ಲ, ಕೊಳವೆ ಕಟ್ಟಿದ ಡ್ರೈಯರಿನಲ್ಲೂ ಹಾಗೆಯೇ. ಒಳಗೆ ಬಿಸಿಗಾಳಿ ನಿಂತು ಫ್ಯೂಸ್ ಹಾರುತ್ತದೆ.

"ಜಾಲರಿ ಪ್ರತಿಸಲ ತೆಗೆದು ಉಜ್ಜುತ್ತೇವೆ" ಎಂದು ನಂಬಿಕೊಂಡಿರುವವರೇ ಹೆಚ್ಚು. ಅದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಬಟ್ಟೆಯಿಂದ ಉದುರುವ ನವಿರಾದ ಲಿಂಟ್ ಎಲ್ಲವೂ ಜಾಲರಿಗೆ ಸಿಗುವುದಿಲ್ಲ, ಒಂದಷ್ಟು ಹಿಂದಿನ ನಾಲ್ಕು ಇಂಚಿನ ಕೊಳವೆಗೆ ಹೋಗಿ ಕೂರುತ್ತದೆ. ಡ್ರೈಯರ್ ಶೀಟ್ ಬಳಸುವ ಮನೆಗಳಲ್ಲಿ ಜಾಲರಿಯ ಮೇಲೆ ಕಣ್ಣಿಗೆ ಕಾಣದ ಅಂಟು ಪದರವೂ ಕಟ್ಟುತ್ತದೆ. ನಲ್ಲಿಯ ಕೆಳಗೆ ಹಿಡಿದು ನೋಡಿ, ನೀರು ಸೋರದೆ ಮೇಲೆಯೇ ನಿಂತರೆ ಬಿಸಿನೀರು, ಸೋಪು, ಹಳೆಯ ಬ್ರಷ್ ಹಿಡಿದು ತಿಕ್ಕುವ ಸಮಯ ಬಂದಿದೆ. ಆಮೇಲೆ ಹೊರಗಿನ ಗೋಡೆಗೆ ಹೋಗಿ. ಯಂತ್ರ ಓಡುವಾಗ ಅಲ್ಲಿನ ಮುಚ್ಚಳ ಚೆನ್ನಾಗಿ ತೆರೆದು ಗಾಳಿ ಕೈಗೆ ಜೋರಾಗಿ ಬಡಿಯಬೇಕು. ಹಕ್ಕಿ ಬರದಿರಲೆಂದು ಅಲ್ಲಿ ಸಣ್ಣ ಕಣ್ಣಿನ ಜಾಲರಿ ಹಾಕುವುದು ಇನ್ನೊಂದು ತಪ್ಪು. ಅದಕ್ಕೆ ಲಿಂಟ್ ಅಂಟಿ ದಾರಿಯೇ ಮುಚ್ಚುತ್ತದೆ. ಅಮೆರಿಕದ ವಸತಿ ಕಟ್ಟಡ ಸಂಹಿತೆ ಅದನ್ನು ನಿಷೇಧಿಸುತ್ತದೆ. ಸಾಮಾನ್ಯವಾಗಿ ಕೊಳವೆ 35 ಅಡಿ ಮೀರಬಾರದು, ತಿರುವುಗಳು ಆ ಅಳತೆಯನ್ನು ಇನ್ನೂ ಕಡಿಮೆ ಮಾಡುತ್ತವೆ. ಪ್ಲಾಸ್ಟಿಕ್ಕಿನ ಅಥವಾ ತೆಳು ಫಾಯಿಲಿನ ಮಡಿಕೆ ಕೊಳವೆಯಾದರೆ ಬದಲಿಸಿ ಲೋಹದ ಗಟ್ಟಿ ಕೊಳವೆ ಹಾಕಿಸಿ. ಅಲ್ಲಿನ ಅಗ್ನಿಶಾಮಕ ಇಲಾಖೆಯ ಲೆಕ್ಕದಲ್ಲಿ 2008ರಿಂದ 2010ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು ವರದಿಯಾಗಿದ್ದವು. ಸ್ವಚ್ಛ ಮಾಡದಿರುವುದೇ ಅವುಗಳ ಮೊದಲ ಕಾರಣ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಾಯಿಲ್‌ನ ಸರದಿ. ಪ್ಲಗ್ ಕಿತ್ತು, ಅದರ ತಂತಿಗಳನ್ನು ಬಿಡಿಸಿ ಮಲ್ಟಿಮೀಟರಿನಿಂದ ನೋಡಿದರೆ ಒಳ್ಳೆಯ ಕಾಯಿಲ್ ಸುಮಾರು 10 ಓಮ್ ತೋರಿಸುತ್ತದೆ. ಓದಿಕೆಯೇ ಬಾರದಿದ್ದರೆ ತುಂಡಾಗಿದೆ. ಫ್ಯೂಸಿನ ಓದಿಕೆ ಶೂನ್ಯದ ಹತ್ತಿರ ಇರಬೇಕು.

ಎಲ್ಲ ಡ್ರೈಯರೂ ಕೈ ಸುಡುವಷ್ಟು ಕಾಯಬೇಕು ಎಂಬುದೂ ನಿಜವಲ್ಲ. ಹೀಟ್ ಪಂಪ್ ಡ್ರೈಯರು ಕಡಿಮೆ ಶಾಖದಲ್ಲಿ, ಹೆಚ್ಚು ಹೊತ್ತು ತೆಗೆದುಕೊಂಡು ಒಣಗಿಸುತ್ತದೆ. ಬಟ್ಟೆ ಬೆಚ್ಚಗಷ್ಟೇ ಇದ್ದರೆ ಅದರ ಗುಣವೇ ಅದು. ಬೆಂಗಳೂರಿನ ಫ್ಲಾಟುಗಳಿಗೆ ಈಗ ಬರುತ್ತಿರುವ ವಾಷರ್-ಡ್ರೈಯರ್‌ಗಳಲ್ಲಿ ತೊಳೆಯಬಹುದಾದ ತೂಕಕ್ಕಿಂತ ಒಣಗಿಸಬಹುದಾದ ತೂಕ ಕಡಿಮೆ. ತೊಳೆದಷ್ಟನ್ನೂ ಹಾಗೆಯೇ ಒಣಗಿಸಲು ಬಿಟ್ಟರೆ ಹೀಟರ್ ಚೆನ್ನಾಗಿದ್ದರೂ ಬಟ್ಟೆ ತೇವವಾಗಿಯೇ ಹೊರಬರುತ್ತದೆ. ಇನ್ನು ಸೆಮಿ ಆಟೊಮ್ಯಾಟಿಕ್ ಮಷೀನಿನ ಪಕ್ಕದ ತೊಟ್ಟಿಯಲ್ಲಿ ಕಾಯಿಲ್ಲೇ ಇಲ್ಲ. ಜೋರಾಗಿ ತಿರುಗಿಸಿ ನೀರು ಹಿಂಡುವುದಷ್ಟೇ ಅದರ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಅದು ಬಿಸಿಯಾಗುತ್ತಿಲ್ಲವೆಂದು ಮೆಕ್ಯಾನಿಕ್ಕಿಗೆ ಹಣ ಕೊಡಬೇಕಾಗಿಲ್ಲ.

ಗ್ಯಾಸ್ ಡ್ರೈಯರಿನ ವಿಷಯ ಬೇರೆ. ಅಲ್ಲಿ ಇಗ್ನೈಟರ್ ಕೆಂಪಗೆ ಹೊಳೆದು ಜ್ವಾಲೆ ಹತ್ತದೆ ಆರಿದರೆ ಹೆಚ್ಚಾಗಿ ಗ್ಯಾಸ್ ವಾಲ್ವಿನ ಮೇಲಿನ ವಿದ್ಯುತ್ ಸುರುಳಿಗಳು ದುರ್ಬಲವಾಗಿರುತ್ತವೆ. ಈ ಭಾಗದ ದುರಸ್ತಿ ಪರಿಣತರಿಗೇ ಇರಲಿ. ಗ್ಯಾಸಿನ ವಾಸನೆ ಬಂದರಂತೂ ಯಂತ್ರ ಮುಟ್ಟಬೇಡಿ, ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು, ಅಲ್ಲಿಂದ ಗ್ಯಾಸ್ ಕಂಪನಿಗೆ ಫೋನ್ ಮಾಡಿ.