ಹೊಲದಲ್ಲೇ ಮಾರಿದೆ, ದುಡ್ಡು ಬರೋಕೆ ನಾಲ್ಕು ತಿಂಗಳು!

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಶುರುವಾದಾಗ ನನ್ನ ಕಲ್ಲಂಗಡಿ ಕಟಾವಿಗೆ ಬಂದಿತ್ತು. ವ್ಯಾಪಾರಿ ಬರಲಿಲ್ಲ. ಅರ್ಧ ಹೊಲದಲ್ಲೇ ಕೊಳೀತು. ಉಳಿದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕಿ ಊರೂರಿಗೆ ಒಯ್ದು ಮಾರಿದೆ. ಹಾಗಾಗಿ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದು, ಎಪಿಎಂಸಿ ಯಾರ್ಡ್ ಹೊರಗೂ ಮಾರಬಹುದು ಅಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಜೂನ್‌ನಲ್ಲಿ ಕೇಂದ್ರವೂ ಅದೇ ದಾರಿ ಹಿಡಿಯಿತು. ಕೊಳ್ಳುವವರು ಹೆಚ್ಚಾದ್ರೆ ರೇಟು ಏರುತ್ತೆ, ಸೊರಗಿದ ಹಳ್ಳಿ ಚೇತರಿಸಿಕೊಳ್ಳುತ್ತೆ ಅನ್ನೋ ಲೆಕ್ಕ. ಲೆಕ್ಕವೇನೂ ತಪ್ಪಲ್ಲ.

ಆ ವರ್ಷ ಮೆಕ್ಕೆಜೋಳವನ್ನ ಹೊಲಕ್ಕೇ ಬಂದವರಿಗೆ ಕೊಟ್ಟೆ. ಹಮಾಲಿ ಇಲ್ಲ, ಗಾಡಿ ಬಾಡಿಗೆ ಇಲ್ಲ. ಬಿಲ್ಲೂ ಇರಲಿಲ್ಲ! ನಾಲ್ಕು ತಿಂಗಳು ಫೋನ್ ಮಾಡಿದ ಮೇಲೆ ದುಡ್ಡು ಬಂತು. ಯಾರ್ಡ್‌ನಲ್ಲಾದ್ರೆ ಲೈಸೆನ್ಸ್ ಇರೋ ವರ್ತಕ, ಸಮಿತಿ ಹತ್ರ ಅವನ ಭದ್ರತಾ ಠೇವಣಿ, ಹೋಗಿ ಕೇಳೋಕೆ ಒಂದು ಕಚೇರಿ. ಕೇಂದ್ರದ ಕಾಯ್ದೆಯಲ್ಲಿ ಕೊಳ್ಳೋ ವ್ಯಾಪಾರಿಗೆ ಪ್ಯಾನ್ ಕಾರ್ಡ್ ಇದ್ರೆ ಸಾಕಿತ್ತು; ಮೂರು ಕೆಲಸದ ದಿನದೊಳಗೆ ಹಣ ಕೊಡಬೇಕು ಅಂತಲೂ ಇತ್ತು. ಕೊಡದಿದ್ರೆ? ಉಪವಿಭಾಗಾಧಿಕಾರಿ ಹತ್ರ ಹೋಗಬೇಕು, ಸಿವಿಲ್ ಕೋರ್ಟಿಗೆ ಹೋಗೋ ಹಾಗಿಲ್ಲ. ಆ ಕಾಯ್ದೆಗೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ನವೆಂಬರ್‌ನಲ್ಲಿ ಸಂಸತ್ತು ರದ್ದುಪಡಿಸುವ ಮಸೂದೆ ಪಾಸು ಮಾಡಿತು.

ಮುಕ್ತ ಮಾರುಕಟ್ಟೆ ಬೇಡ ಅನ್ನೋನಲ್ಲ ನಾನು. ಈಗಲೂ ಹೊರಗೆ ಮಾರ್ತೀನಿ. ಆದ್ರೆ ಬೆಳಿಗ್ಗೆ ಮೊಬೈಲ್‌ನಲ್ಲಿ ಇ-ನಾಮ್ ರೇಟು ನೋಡಿದ ಮೇಲೇ ಮಾತುಕತೆ. ಸಹಿ ಇರೋ ಬಿಲ್ ಬೇಕು, ತೂಕದ ಚೀಟಿಯ ಫೋಟೊ ಬೇಕು. ಅರ್ಧ ದುಡ್ಡು ಖಾತೆಗೆ ಬಿದ್ದ ಮೆಸೇಜ್ ಬಂದ್ರೆ ಮಾತ್ರ ಚೀಲ ಲಾರಿ ಹತ್ತೋದು.